ಬಾಬ್‌ಕ್ಯಾಟ್ ಎಳೆಯುತ್ತಿಲ್ಲವೇ? ‘ಪಂಪ್ ಹೋಯ್ತು’ ಅನ್ನುವ ಮೊದಲು ಇಷ್ಟು ನೋಡಿ

ಕೊಲ್ಲಿ ದೇಶಗಳ ಸೈಟುಗಳಲ್ಲಿ ಸ್ಕಿಡ್ ಸ್ಟಿಯರ್ ಲೋಡರ್ ಯಾವ ಕಂಪನಿಯದ್ದೇ ಆಗಿರಲಿ, ಎಲ್ಲರ ಬಾಯಲ್ಲೂ ಅದು ‘ಬಾಬ್‌ಕ್ಯಾಟ್’. ನಮ್ಮವರು ಅನೇಕರು ಓಡಿಸುವುದು ಎರಡು-ಮೂರು ಕೈ ದಾಟಿ ಬಂದ ಸೆಕೆಂಡ್ ಹ್ಯಾಂಡ್ ಗಾಡಿ. ಬೆಳಿಗ್ಗೆ ಚೆನ್ನಾಗಿ ಓಡಿದ ಗಾಡಿ ಮಧ್ಯಾಹ್ನದ ಹೊತ್ತಿಗೆ ಒಂದು ಕಡೆ ಎಳೆಯುವುದಿಲ್ಲ, ರ್‍ಯಾಂಪ್ ಹತ್ತುವುದಿಲ್ಲ. ಆಗ ಕೇಳಿಬರುವ ಮೊದಲ ಮಾತು ‘ಪಂಪ್ ಹೋಯ್ತು’. ಎರಡನೆಯದು ‘ಆಪರೇಟರ್ ಹಾಳು ಮಾಡಿದ’. ನೋಡದೆ ಆಡುವ ಈ ಎರಡೂ ಮಾತಿಗೆ ದುಡ್ಡು ಕೊಡುವವರು ಬೇರೆ ಬೇರೆ. ಮೊದಲನೆಯದಕ್ಕೆ ಮಾಲೀಕ, ಎರಡನೆಯದಕ್ಕೆ ನೀವು.

ದೋಷ ಯಾವ ಕಡೆ ಇದೆ ಅಂತ ಒಂದೂ ಬೋಲ್ಟ್ ಬಿಚ್ಚದೆ ಬಹಳ ಮಟ್ಟಿಗೆ ತಿಳಿಯಬಹುದು. ಅದನ್ನು ಕ್ರಮವಾಗಿ ನೋಡುವುದು ಹೇಗೆ, ಎಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಬಿಡಬೇಕು ಅನ್ನುವುದನ್ನು ಇಲ್ಲಿ ಹೇಳಿದ್ದೇವೆ.

ಗಾಡಿ ಓಡುವುದು ಹೇಗೆ?

ಈ ಗಾಡಿಗೆ ಕಾರಿನ ಹಾಗೆ ಗಿಯರ್ ಬಾಕ್ಸ್, ಕ್ಲಚ್ ಇಲ್ಲ. ಎಂಜಿನ್ ಎರಡು ಡ್ರೈವ್ ಪಂಪುಗಳನ್ನು ತಿರುಗಿಸುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಪ್ರತಿ ಪಂಪಿನ ಆಯಿಲ್ ಆ ಕಡೆಯ ಡ್ರೈವ್ ಮೋಟರಿಗೆ ಹೋಗುತ್ತದೆ. ಮೋಟರ್ ಚೈನ್ ಎಳೆಯುತ್ತದೆ, ಚೈನ್ ಆ ಕಡೆಯ ಎರಡೂ ಚಕ್ರಗಳನ್ನು ತಿರುಗಿಸುತ್ತದೆ. ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ತಿರುಗಿದರೆ ಗಾಡಿ ನಿಂತಲ್ಲೇ ತಿರುಗುತ್ತದೆ.

ಇವೆರಡರ ಜೊತೆ ಚಾರ್ಜ್ ಪಂಪ್ ಅಂತ ಸಣ್ಣದೊಂದಿದೆ. ಡ್ರೈವ್ ಪಂಪುಗಳಿಗೆ ಆಯಿಲ್ ತುಂಬಿಸಿಕೊಡುವುದು ಅದರ ಕೆಲಸ. ಹಲವು ಮಾದರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಬಿಡಿಸುವುದೂ ಇದರ ಪ್ರೆಶರೇ. ಹಾಗಾಗಿ ಒಂದು ಮಾತು ನೆನಪಿಡಿ: ಒಂದೇ ಕಡೆ ತೊಂದರೆ ಇದ್ದರೆ ದೋಷ ಆ ಕಡೆಯ ಸಾಮಾನಿನಲ್ಲಿ; ಎರಡೂ ಕಡೆ ಒಟ್ಟಿಗೆ ಸೋತರೆ ಎರಡಕ್ಕೂ ಸೇರಿದ ಸಾಮಾನಿನಲ್ಲಿ, ಅಂದರೆ ಆಯಿಲ್, ಫಿಲ್ಟರ್, ಚಾರ್ಜ್ ಪಂಪ್, ಬ್ರೇಕ್, ಎಂಜಿನ್.

ಕೈ ಹಾಕುವ ಮೊದಲು

ಈ ಭಾಗವನ್ನು ಬಿಟ್ಟು ಮುಂದೆ ಓದಬೇಡಿ.

1. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಆರ್ಮ್ ಪೂರ್ತಿ ಇಳಿಸಿ, ಎಂಜಿನ್ ಆಫ್ ಮಾಡಿ, ಕೀ ನಿಮ್ಮ ಜೇಬಿನಲ್ಲಿಡಿ. ಚಕ್ರಕ್ಕೆ ಮರದ ಅಡ್ಡ ಕೊಡಿ.

2. ಆರ್ಮ್ ಎತ್ತಿಯೇ ನೋಡಬೇಕಾದ ಕೆಲಸವಿದ್ದರೆ ಗಾಡಿಯ ಜೊತೆ ಬಂದ ಆರ್ಮ್ ಲಾಕ್ ಹಾಕದೆ ಅದರ ಕೆಳಗೆ ತಲೆ, ಕೈ ಹಾಕಲೇಬೇಡಿ. ಮರದ ತುಂಡು, ಜಾಕ್ ಲಾಕ್ ಆಗುವುದಿಲ್ಲ. ಆರ್ಮ್ ಮತ್ತು ಬಾಡಿಯ ನಡುವೆ ಸಿಕ್ಕಿಕೊಂಡು ಸತ್ತವರಿದ್ದಾರೆ.

3. ಲೀಕ್ ಎಲ್ಲಿದೆ ಅಂತ ಬೆರಳಿನಿಂದ ಸವರಿ ನೋಡಬೇಡಿ. ಕಾರಿನ ಟಯರಿನಲ್ಲಿ ಇರುವುದು 2ರಿಂದ 2.5 ಬಾರ್ ಪ್ರೆಶರ್. ಇಲ್ಲಿ ಡ್ರೈವ್ ಪೈಪಿನಲ್ಲಿ 200 ಬಾರ್ ದಾಟುತ್ತದೆ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಕನ್ನಡಕ ಹಾಕಿಕೊಂಡು, ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡಿ.

4. ಆಯಿಲ್ ಚರ್ಮದೊಳಗೆ ಹೊಕ್ಕರೆ ಮೊದಲು ಸೊಳ್ಳೆ ಕಚ್ಚಿದಂಥ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಅಷ್ಟಿರುವುದಿಲ್ಲ. ಅದನ್ನು ನಂಬಿ ರೂಮಿಗೆ ಹೋಗಿ ಮಲಗಬೇಡಿ. ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಆಗಲೇ ಹೋಗಿ, ‘ಹೈ ಪ್ರೆಶರ್ ಹೈಡ್ರಾಲಿಕ್ ಆಯಿಲ್ ಇಂಜೆಕ್ಷನ್’ ಅಂತಲೇ ಹೇಳಿ. ಕೆಲವು ಗಂಟೆ ತಡವಾದರೂ ಬೆರಳು, ಕೈ ಕಳೆದುಕೊಳ್ಳಬೇಕಾಗಬಹುದು. ಯು.ಎ.ಇ.ಯಲ್ಲಿ ಆಂಬುಲೆನ್ಸ್ ನಂಬರ್ 998.

5. ಸೀಟ್ ಬಾರ್ ಅಥವಾ ಸೀಟ್ ಸ್ವಿಚ್‌ಗೆ ವೈರ್ ಸುತ್ತಿ ‘ಬೈಪಾಸ್’ ಮಾಡಬೇಡಿ, ಬೇರೆಯವರು ಮಾಡಿದ್ದರೆ ಓಡಿಸಬೇಡಿ. ನಿಮ್ಮ ಜೀವ ಕಾಯುವುದು ಅದೇ.

ಬಿಸಿಲಿನ ತಿಂಗಳುಗಳಲ್ಲಿ ತೆರೆದ ಅಂಗಳದ ರಿಪೇರಿಯೂ ಕೆಲಸವೇ. ಯು.ಎ.ಇ.ಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ.

ಮೊದಲ ಹತ್ತು ನಿಮಿಷ

ಆಯಿಲ್ ಮಟ್ಟ: ಆರ್ಮ್ ಕೆಳಗಿರುವಾಗ, ಎಂಜಿನ್ ಆಫ್ ಇರುವಾಗ ನೋಡಿ. ಕಡಿಮೆ ಇದ್ದರೆ ‘ಯಾವುದೋ ಒಂದು’ ಆಯಿಲ್ ಸುರಿಯಬೇಡಿ. ಕೆಲವು ಗಾಡಿಗೆ ಹೈಡ್ರಾಲಿಕ್ ಆಯಿಲ್, ಕೆಲವಕ್ಕೆ ಎಂಜಿನ್ ಆಯಿಲ್ ಹಾಕಬೇಕು. ಗಾಡಿಯ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನುಯಲ್ ನೋಡಿ.

ಆಯಿಲ್ ಬಣ್ಣ: ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ನೊರೆ ಇದ್ದರೆ ಪಂಪ್ ಗಾಳಿ ಎಳೆಯುತ್ತಿದೆ. ಆಯಿಲ್ ಕಡಿಮೆ ಇರಬಹುದು, ಇಲ್ಲವೇ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನ ಕ್ಲಾಂಪ್ ಸಡಿಲವಾಗಿರಬಹುದು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬಹಳ ದಿನದಿಂದ ಕಾಯುತ್ತಿದೆ ಅಂತ ಅರ್ಥ.

ಕೂಲರ್: ರೇಡಿಯೇಟರ್, ಆಯಿಲ್ ಕೂಲರುಗಳ ಸಂದಿಯಲ್ಲಿ ಮರಳು, ಸಿಮೆಂಟ್ ಧೂಳು ಕಟ್ಟಿಕೊಂಡಿದೆಯೇ ನೋಡಿ. ಹೊರಗೇ 45 ಡಿಗ್ರಿ ಬಿಸಿ ಇರುವಾಗ ಗಾಳಿ ಆಡದಿದ್ದರೆ ಆಯಿಲ್ ನೀರಿನಂತೆ ತೆಳುವಾಗುತ್ತದೆ.

ಪ್ಯಾನಲ್ ಲೈಟು: ಸೀಟ್ ಬಾರ್, ಪಾರ್ಕಿಂಗ್ ಬ್ರೇಕ್, ಹೈಡ್ರಾಲಿಕ್ ಫಿಲ್ಟರ್, ಚಾರ್ಜ್ ಪ್ರೆಶರ್ ಲೈಟುಗಳಲ್ಲಿ ಯಾವುದು ಉರಿಯುತ್ತಿದೆ? ಫೋಟೋ ತೆಗೆದುಕೊಳ್ಳಿ.

ಟಯರು: ನಾಲ್ಕೂ ಒಂದೇ ಸೈಜೇ? ಗಾಳಿ ಸಮ ಇದೆಯೇ? ಎರಡು ಕಡೆಯ ಟಯರಿನ ಎತ್ತರ ಬೇರೆಯಾದರೆ ಹೈಡ್ರಾಲಿಕ್ ಸರಿಯಿದ್ದರೂ ಗಾಡಿ ಒಂದು ಕಡೆಗೆ ವಾಲಿ ಹೋಗುತ್ತದೆ.

ಲಕ್ಷಣ ನೋಡಿ ಜಾಗ ಹಿಡಿಯಿರಿ

ಗಾಡಿ ಕದಲುವುದೇ ಇಲ್ಲ, ಆದರೆ ಆರ್ಮ್ ಏಳುತ್ತದೆ. ಬ್ರೇಕ್ ಬಿಟ್ಟಿಲ್ಲದಿರಬಹುದು. ಸೀಟ್ ಬಾರ್ ಇಳಿಸಿ ಮತ್ತೆ ನೋಡಿ. ಸ್ವಿಚ್, ಫ್ಯೂಸ್, ಬ್ರೇಕ್ ಸೊಲೆನಾಯ್ಡ್ ವೈರು, ಚಾರ್ಜ್ ಪ್ರೆಶರ್ ಇವೇ ಇಲ್ಲಿ ಮೊದಲು ನೋಡಬೇಕಾದವು.

ಗಾಡಿಯೂ ಇಲ್ಲ, ಆರ್ಮೂ ಇಲ್ಲ. ಆಯಿಲ್ ಖಾಲಿಯಾಗಿರಬಹುದು, ಅಥವಾ ಎಂಜಿನ್ ಮತ್ತು ಪಂಪಿನ ನಡುವಿನ ಕಪ್ಲಿಂಗ್, ಬೆಲ್ಟ್ ಕಡಿದಿರಬಹುದು. ಬೆಲ್ಟ್ ಇರುವ ಮಾದರಿಯಲ್ಲಿ ರಬ್ಬರ್ ಸುಟ್ಟ ವಾಸನೆ ಬರುತ್ತದೆ.

ಎರಡೂ ಕಡೆ ಶಕ್ತಿ ಇಲ್ಲ. ಬಕೆಟ್ಟನ್ನು ಮರಳಿನ ರಾಶಿಗೆ ಒತ್ತಿ ಎಂಜಿನ್ ಶಬ್ದ ಕೇಳಿ. ಎಂಜಿನ್ ದಮ್ಮು ಕಟ್ಟಿ ಆಫ್ ಆಗುವ ಹಾಗಿದ್ದರೆ ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಕಡೆ ನೋಡಿ, ಹೈಡ್ರಾಲಿಕ್ ಬಯ್ಯಬೇಡಿ. ಎಂಜಿನ್ ಆರಾಮಾಗಿ ಓಡುತ್ತಾ ಇದ್ದು ಚಕ್ರ ಮಾತ್ರ ನಿಂತರೆ ಆಗ ಹೈಡ್ರಾಲಿಕ್ಕಿನ ಸರದಿ. ಆಯಿಲ್, ಫಿಲ್ಟರ್, ಚಾರ್ಜ್ ಪ್ರೆಶರ್ ಈ ಕ್ರಮದಲ್ಲಿ ನೋಡಬೇಕು.

ಒಂದೇ ಕಡೆ ಸೋತಿದೆ. ಮುಂದಕ್ಕೂ ಹಿಂದಕ್ಕೂ ಎರಡೂ ದಿಕ್ಕಿನಲ್ಲಿ ಓಡಿಸಿ ನೋಡಿ. ಒಂದೇ ದಿಕ್ಕಿನಲ್ಲಿ ಸೋತರೆ ಆ ದಿಕ್ಕಿನ ರಿಲೀಫ್ ವಾಲ್ವ್, ಇಲ್ಲವೇ ಲಿವರಿನ ಲಿಂಕೇಜ್ ಮೇಲೆ ಅನುಮಾನ. ಪಂಪ್ ಅಥವಾ ಮೋಟರ್ ಸವೆದಿದ್ದರೆ ಸಾಮಾನ್ಯವಾಗಿ ಎರಡೂ ದಿಕ್ಕಿನಲ್ಲಿ ಸೋಲುತ್ತದೆ. ಈ ಒಂದು ಪರೀಕ್ಷೆಯೇ ದೊಡ್ಡ ಖರ್ಚು ಉಳಿಸಬಹುದು. ಲಿವರಿನ ಪಿನ್ ಸವೆದು, ನಟ್ ಸಡಿಲವಾಗಿ ಲಿಂಕೇಜ್ ಪೂರ್ತಿ ಎಳೆಯದಿದ್ದರೂ ಇದೇ ಲಕ್ಷಣ.

‘ಟಕ್ ಟಕ್’ ಶಬ್ದ, ಎಳೆತದಲ್ಲಿ ಜಗ್ಗಾಟ. ಚೈನ್ ಸಡಿಲವಾಗಿರಬಹುದು, ಸ್ಪ್ರಾಕೆಟ್ ಹಲ್ಲು ಸವೆದಿರಬಹುದು. ಇದು ಹೈಡ್ರಾಲಿಕ್ ದೋಷ ಅಲ್ಲವೇ ಅಲ್ಲ.

ಬೆಳಿಗ್ಗೆ ಚೆನ್ನಾಗಿದೆ, ಕಾದ ಮೇಲೆ ಸೋಲುತ್ತದೆ. ಕೂಲರ್ ಶುಚಿ ಮಾಡಿ, ಆಯಿಲ್ ಗ್ರೇಡ್ ಸರಿ ಇದೆಯೇ ನೋಡಿದ ಮೇಲೂ ಹಾಗೇ ಇದ್ದರೆ ಪಂಪ್, ಮೋಟರುಗಳ ಒಳಗೆ ಸವೆತ ಇದೆ. ತೆಳುವಾದ ಆಯಿಲ್ ಸವೆದ ಸಂದಿಯಲ್ಲಿ ಜಾರಿಹೋಗುತ್ತದೆ.

ಲಿವರ್ ಬಿಟ್ಟರೂ ಗಾಡಿ ತೆವಳುತ್ತದೆ. ನ್ಯೂಟ್ರಲ್ ಅಡ್ಜಸ್ಟ್‌ಮೆಂಟ್ ತಪ್ಪಿದೆ. ಜನ ಓಡಾಡುವ ಸೈಟಿನಲ್ಲಿ ಇಂಥ ಗಾಡಿ ಓಡಿಸಬಾರದು.

ಆಯಿಲ್ ಕಡಿಮೆಯಾಗುತ್ತಿದೆ, ಹೊರಗೆ ಲೀಕ್ ಇಲ್ಲ. ಚೈನ್ ಕೇಸಿನ ಆಯಿಲ್ ಮಟ್ಟ ನೋಡಿ. ಡ್ರೈವ್ ಮೋಟರಿನ ಶಾಫ್ಟ್ ಸೀಲ್ ಹೋದರೆ ಹೈಡ್ರಾಲಿಕ್ ಆಯಿಲ್ ಸದ್ದಿಲ್ಲದೆ ಚೈನ್ ಕೇಸಿಗೆ ಇಳಿಯುತ್ತದೆ. ಇಲ್ಲಿ ಮಟ್ಟ ಇಳಿದಷ್ಟೂ ಅಲ್ಲಿ ಏರುತ್ತದೆ. ಹಳೆ ಗಾಡಿಗಳಲ್ಲಿ ಇದನ್ನು ನೋಡದೆ ದಿನಾ ಆಯಿಲ್ ತುಂಬಿಸುತ್ತಾ ಹೋಗುವವರಿದ್ದಾರೆ.

ಮೆಕ್ಯಾನಿಕ್‌ಗೆ ಬಿಡಬೇಕಾದ್ದು

ಗೇಜ್ ಇಲ್ಲದೆ ಪಂಪ್ ಬಿಚ್ಚುವುದು ಜೂಜು. ಮೊದಲು ಚಾರ್ಜ್ ಪ್ರೆಶರ್ ಅಳೆಯಬೇಕು. ಅನೇಕ ಮಾದರಿಗಳಲ್ಲಿ ಅದು 20 ಬಾರ್ ಆಸುಪಾಸು, ನಿಮ್ಮ ಗಾಡಿಯ ಸರಿಯಾದ ಅಂಕಿ ಮ್ಯಾನುಯಲ್‌ನಲ್ಲಿರುತ್ತದೆ. ಒಂದು ಕಡೆ ಸೋತಿದ್ದರೆ, ಎಡ-ಬಲದ ರಿಲೀಫ್ ವಾಲ್ವ್ ಎರಡೂ ಒಂದೇ ನಂಬರಿನವಾದರೆ ಅದಲು ಬದಲು ಮಾಡಿ ನೋಡಬಹುದು. ದೋಷ ಇನ್ನೊಂದು ಕಡೆಗೆ ಹೋದರೆ ವಾಲ್ವ್ ಕೆಟ್ಟಿದೆ. ಅಲ್ಲೇ ಉಳಿದರೆ ಮೋಟರಿನ ಕೇಸ್ ಡ್ರೈನ್ ಪೈಪಿನಿಂದ ಎಷ್ಟು ಆಯಿಲ್ ಬರುತ್ತದೆ ಅಂತ ಅಳೆಯಬೇಕು. ಅತಿಯಾಗಿ ಬಂದರೆ ಮೋಟರ್ ಸವೆದಿದೆ, ಇಲ್ಲದಿದ್ದರೆ ಪಂಪಿನ ಕಡೆ ನೋಡಬೇಕು.

ಹಳೆ ಫಿಲ್ಟರನ್ನು ಬಿಸಾಡದೆ ಕತ್ತರಿಸಿ ನೋಡಲು ಹೇಳಿ. ಒಳಗೆ ಹಿತ್ತಾಳೆ ಬಣ್ಣದ ಪುಡಿ ಇದ್ದರೆ ಪಂಪ್ ಅಥವಾ ಮೋಟರ್ ಸವೆಯುತ್ತಿದೆ. ಆಗ ಬರೀ ಹೊಸ ಪಂಪ್ ಹಾಕಿದರೆ ಸಾಲದು. ಟ್ಯಾಂಕ್, ಕೂಲರ್, ಪೈಪು ತೊಳೆಯದಿದ್ದರೆ ಅದೇ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ. ಗಾಳಿ, ಮರಳು ಎದ್ದಿರುವಾಗ ಪೈಪ್ ಬಿಚ್ಚಬಾರದು. ಬಿಚ್ಚಿದ ತುದಿಗೆಲ್ಲ ಕ್ಯಾಪ್ ಹಾಕಬೇಕು.

ಕೆಟ್ಟು ನಿಂತ ಗಾಡಿಯನ್ನು ಹಗ್ಗ ಕಟ್ಟಿ ಸೈಟಿನ ತುಂಬ ಎಳೆದಾಡಬೇಡಿ. ಚಕ್ರ ಬಲವಂತವಾಗಿ ತಿರುಗಿದರೆ ಒಳ್ಳೆಯ ಮೋಟರೂ ಹಾಳಾಗುತ್ತದೆ. ಮ್ಯಾನುಯಲ್ ಹೇಳಿದ ಹಾಗೆ ಟ್ರೇಲರಿಗೆ ಏರಿಸಿ.

ಹೇಳಿ, ಬರೆದಿಡಿ

ಫೋರ್‌ಮನ್ ಹತ್ತಿರ ‘ಗಾಡಿ ಖರಾಬ್ ಹೈ’ ಅಂದರೆ ಏನೂ ಹೇಳಿದಂತಾಗಲಿಲ್ಲ. ‘ಲೆಫ್ಟ್ ಸೈಡ್ ವೀಕ್ ಹೈ, ಸಿರ್ಫ್ ರಿವರ್ಸ್ ಮೇ, ಗರಮ್ ಹೋನೇ ಕೇ ಬಾದ್’ ಅನ್ನಿ. ಮೆಕ್ಯಾನಿಕ್ ಸರಿಯಾದ ಸಾಮಾನು ಹಿಡಿದು ಬರುತ್ತಾನೆ, ನಿಮ್ಮ ಮಾತಿಗೂ ತೂಕ ಬರುತ್ತದೆ.

ಅದನ್ನೇ ಆವತ್ತೇ ವಾಟ್ಸಾಪಿನಲ್ಲಿ ಫೋರ್‌ಮನ್‌ಗೆ ಕಳಿಸಿ. ತಾರೀಖು, ಅವರ್ ಮೀಟರ್ ಫೋಟೋ, ಆಯಿಲ್ ಮಟ್ಟದ ಫೋಟೋ, ಲಕ್ಷಣ, ಅವರು ಕೊಟ್ಟ ಉತ್ತರ ಎಲ್ಲ ಉಳಿಸಿಕೊಳ್ಳಿ. ಹೊಸದಾಗಿ ಒಂದು ಹಳೆ ಗಾಡಿ ನಿಮ್ಮ ಕೈಗೆ ಬಂದ ಮೊದಲ ದಿನವೇ ಹೀಗೆ ಮಾಡಿ. ಮೊದಲೇ ಇದ್ದ ದೋಷ ನಿಮ್ಮ ತಲೆಗೆ ಬರುವುದಿಲ್ಲ.

ಇದು ಯಾಕೆ ಮುಖ್ಯ? ಯು.ಎ.ಇ.ಯ 2021ರ 33ನೇ ಕಾರ್ಮಿಕ ಕಾನೂನಿನ ಪ್ರಕಾರ ಯಂತ್ರ ಹಾಳಾದದ್ದಕ್ಕೆ ಸಂಬಳದಲ್ಲಿ ಹಿಡಿಯಬೇಕಾದರೆ ಅದು ಕೆಲಸಗಾರನ ತಪ್ಪಿನಿಂದ ಅಥವಾ ಸೂಚನೆ ಮೀರಿದ್ದರಿಂದ ಆಗಿರಬೇಕು. ಹಲವು ಕಾರಣ ಒಟ್ಟು ಸೇರಿದರೂ ಸಂಬಳದ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ವಯಸ್ಸಾದ ಪಂಪ್ ಸವೆಯುವುದು ನಿಮ್ಮ ತಪ್ಪಲ್ಲ. ಆದರೆ ಆಯಿಲ್ ಕಡಿಮೆ ಇದೆ ಅಂತ ಗೊತ್ತಿದ್ದೂ ಸುಮ್ಮನೆ ಓಡಿಸಿದರೆ ಆ ಮಾತು ಹೇಳಲು ಬಾಯಿ ಇರುವುದಿಲ್ಲ. ಕೆಲಸದಲ್ಲಿ ಗಾಯವಾದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದು.

ಸಂಬಳದ ತಕರಾರಿಗೆ ಮೊಹ್ರೆ ಅಂತ ಕರೆಯುವ ಕಾರ್ಮಿಕ ಸಚಿವಾಲಯದ ನಂಬರ್ 80084. ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ನಂಬರ್ 80046342. ಎರಡನ್ನೂ ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ರೂಮಿನ ಗೆಳೆಯರಿಗೂ ಕೊಡಿ.