ಎಂಜಿನಿನ ನೆತ್ತಿಯ ಎಣ್ಣೆಯೊಸರು: ಶೇಷವದನುಮಾನಕ್ಕೊಂದು ಲಕ್ಷ್ಯ

ಕಾರ್ಯವನ್ನು ಕಂಡು ಕಾರಣವನ್ನು ತಿಳಿಯುವ ಅನುಮಾನಕ್ಕೆ ಶೇಷವತ್ತೆಂದು ಹೆಸರು. ಹೊಳೆ ತುಂಬಿದುದನ್ನು ಕಂಡು ಮೇಲ್ಗಡೆ ಮಳೆಯಾಯಿತೆಂದು ಊಹಿಸುವುದು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ನ್ಯಾಯಸೂತ್ರದ ದ್ವಿತೀಯಾಧ್ಯಾಯದ ಪ್ರಥಮಾಹ್ನಿಕದಲ್ಲಿ ಪೂರ್ವಪಕ್ಷಿಯು ಇದನ್ನಾಕ್ಷೇಪಿಸಿ, ರೋಧ, ಉಪಘಾತ, ಸಾದೃಶ್ಯಗಳಿಂದ ಇಂತಹ ಅನುಮಾನವು ವ್ಯಭಿಚರಿಸುವುದೆನ್ನುವನು. ಕೆಳಗಡೆ ಅಡ್ಡಕಟ್ಟಿದರೂ ಹೊಳೆ ಏರುವುದು. ಗೂಡು ಕೆಟ್ಟರೂ ಇರುವೆಗಳು ಮೊಟ್ಟೆಗಳನ್ನು ಹೊತ್ತು ಸಾಗುವುವು. ಮನುಷ್ಯನೂ ನವಿಲಿನಂತೆ ಕೂಗಬಲ್ಲನು. ಈ ಪ್ರಕರಣವನ್ನು ಇಪ್ಪತ್ತೈದು ವರ್ಷ ಪಾಠ ಹೇಳಿದ ನಾನು ಅದರ ಬಲವನ್ನರಿತುದು ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ದಾರಿಯಲ್ಲಿ, ಮೋಟಾರಿನ ಮುಚ್ಚಳವನ್ನೆತ್ತಿ ನಿಂತಾಗ.

ಎಂಜಿನಿನಿಂದ ತೆಳುವಾದ ಹೊಗೆ ಏಳುತ್ತಿತ್ತು; ಜ್ವಾಲೆಯಿರಲಿಲ್ಲ. ಮೇಲಿನಿಂದ ಒಸರಿದ ಎಣ್ಣೆಯು ಹೊಗೆಕೊಳವೆಯ ಮೇಲೆ ಬೀಳುತ್ತಿತ್ತು. ಕಾದ ಕಬ್ಬಿಣದ ಗುಂಡಿನಲ್ಲಿ ವಹ್ನಿಯಿದ್ದರೂ ಧೂಮವಿಲ್ಲ, ಆರ್ದ್ರೇಂಧನಸಂಯೋಗವೆಂಬ ಉಪಾಧಿಯಿಲ್ಲದುದರಿಂದ, ಎಂದು ತಾರ್ಕಿಕರು ಹೇಳುವರಷ್ಟೆ. ಇಲ್ಲಿ ಆ ಉಪಾಧಿಯನ್ನು ನನ್ನ ಎಂಜಿನ್ನೇ ಒದಗಿಸಿತ್ತು. ಇದು ನಗತಕ್ಕ ವಿಷಯವಲ್ಲ. ಒಸರು ಹೆಚ್ಚಿದರೆ ಬೆಂಕಿಯೇ ಹತ್ತಬಹುದು. ಎಣ್ಣೆ ತೀರಿದರೆ ಎಂಜಿನ್ನು ಹಾಳಾಗುವುದು.

ಎಂಜಿನಿನ ನೆತ್ತಿಯಲ್ಲಿ ಕವಾಟಗಳನ್ನು ತೆರೆಯಿಸುವ ಕ್ಯಾಮ್‌ಷಾಫ್ಟೆಂಬ ದಂಡವು ಎಣ್ಣೆಯಲ್ಲಿ ನೆನೆಯುತ್ತ ತಿರುಗುವುದು. ಅದರ ಮೇಲಿನ ಮುಚ್ಚಳಕ್ಕೂ ಕೆಳಗಿನ ಸಿಲಿಂಡರ್ ಹೆಡ್ಡಿಗೂ ನಡುವೆ ಗ್ಯಾಸ್ಕೆಟ್ಟೆಂಬ ರಬ್ಬರಿನ ಪಟ್ಟಿಯುಂಟು. ಬಹುಕಾಲದ ಕಾವಿನಿಂದ ಅದು ಗಡುಸಾಗಿ ಬಿರಿಯುವುದು. ಇದು ಉಪಘಾತ, ಎಲ್ಲರೂ ಮೊದಲು ಹೇಳುವ ಕಾರಣವಿದು, ಬಹುಮಟ್ಟಿಗೆ ನಿಜವೂ ಹೌದು. ಇನ್ನು ಹುಯ್ಯುವಾಗ ಚೆಲ್ಲಿದ ಎಣ್ಣೆಯು ಒಸರಿದ ಎಣ್ಣೆಯಂತೆಯೇ ತೋರುವುದು. ಸಾದೃಶ್ಯದ ಮಾತು ಇಷ್ಟಕ್ಕೇ ಸಾಕು.

ಆದುದರಿಂದ ಎಂಜಿನ್ನು ತಣಿದ ಮೇಲೆ ಎಲ್ಲವನ್ನೂ ಒರಸಿ, ಕೀಲುಗಳ ಅಂಚಿಗೆ ಮುಖಕ್ಕೆ ಹಚ್ಚುವ ಬಿಳಿಯ ಪುಡಿಯನ್ನು ಉದುರಿಸಿ, ಸ್ವಲ್ಪ ಹೊತ್ತು ನಡೆಸಿ ನೋಡತಕ್ಕದ್ದು. ಎಣ್ಣೆಯು ಕೆಳಕ್ಕೆ ಹರಿಯುವುದು, ಗಾಳಿಯು ಅದನ್ನು ಹಿಂದಕ್ಕೆ ದೂಡುವುದು. ತೇವದ ಎಲ್ಲಕ್ಕಿಂತ ಮೇಲಿನ, ಮುಂದಿನ ಅಂಚೇ ಉಗಮಸ್ಥಾನ. ಪೆಟ್ರೋಲ್ ಎಂಜಿನಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳ ಕುಳಿಗಳನ್ನೂ ಇಣಿಕಿ ನೋಡಬೇಕು. ನಮ್ಮ ಸೀಮೆಯಲ್ಲಿ ಇನ್ನೊಂದು ಅನುಕೂಲವುಂಟು. ಯಲಬುರ್ಗಾದ ಎರೆಯ ಧೂಳು, ಗಂಗಾವತಿಯ ಬತ್ತದ ಗಿರಣಿಗಳ ಹೊಟ್ಟು ಎಣ್ಣೆಗೆ ಅಂಟಿ ಹೆಪ್ಪುಗಟ್ಟುವುವು. ಹೆಪ್ಪು ದಪ್ಪವಿದ್ದಷ್ಟೂ ಒಸರು ಹಳೆಯದು.

ಹೀಗೆ ನೋಡಿ, ಗ್ಯಾಸ್ಕೆಟ್ಟಿನ ದೋಷವೆಂದು ನಿಶ್ಚಯಿಸಿ, ಒಬ್ಬ ಕುಶಲಿಯು ಅದನ್ನು ಬದಲಿಸಿದನು. ಮೂರು ತಿಂಗಳಲ್ಲಿ ಒಸರು ಮರಳಿತು. ಮತ್ತೆ ಬದಲಿಸಿದನು, ಮತ್ತೆ ಮರಳಿತು. ಆಗ ನೆನಪಾದುದು ರೋಧ. 1953ರಿಂದೀಚೆಗೆ ತುಂಗಭದ್ರೆಯ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿರುವ ಕೊಪ್ಪಳ ತಾಲ್ಲೂಕಿನ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಊರಿನಲ್ಲಿ ಹನಿ ಮಳೆಯಿಲ್ಲದೆಯೂ ಕಟ್ಟೆಯ ತಡೆಯಿಂದ ನೀರು ಹೊಲಕ್ಕೇರುವುದು. ಎಂಜಿನಿನಲ್ಲಿಯೂ ಪಿಸ್ಟನ್ನಿನ ಬಳೆಗಳ ಸಂದಿನಿಂದ ಸ್ವಲ್ಪ ಅನಿಲವು ಒಳಹೊಟ್ಟೆಗೆ ನುಸುಳುತ್ತಲೇ ಇರುವುದು. ಅದನ್ನು ಮತ್ತೆ ಉಸಿರಿನ ದಾರಿಗೆ ಸೆಳೆಯುವುದಕ್ಕೆ ಪಿ.ಸಿ.ವಿ. ಎಂಬ ಚಿಕ್ಕ ಕವಾಟವೂ ಕೊಳವೆಯೂ ಇವೆ. ಇವು ಕಸರಿನಿಂದ ಕಟ್ಟಿಕೊಂಡರೆ ಒಳಗಿನ ಒತ್ತಡವೇರಿ, ಎಲ್ಲಿ ಕೀಲು ದುರ್ಬಲವೋ ಅಲ್ಲಿ ಎಣ್ಣೆಯನ್ನು ಹೊರದೂಡುವುದು. ಗ್ಯಾಸ್ಕೆಟ್ಟು ಹೊಸದಾದರೇನು?

ಪೂರ್ವಪಕ್ಷಿಗೆ ವಾತ್ಸ್ಯಾಯನನು ಕೊಟ್ಟ ಉತ್ತರವೂ ಇಲ್ಲಿ ಉಪಯೋಗಕ್ಕೆ ಬಂದಿತು. ಮಳೆಯ ನೆರೆಗೆ ವೇಗ, ನೊರೆ, ತೇಲಿಬರುವ ಎಲೆ ಕಡ್ಡಿಗಳೆಂಬ ವಿಶೇಷಗಳಿವೆ. ವಿಶೇಷವನ್ನು ನೋಡದವನದು ತಪ್ಪು, ಅನುಮಾನದ್ದಲ್ಲ. ಎಂಜಿನ್ನು ಸುಮ್ಮನೆ ನಿಂತು ತಿರುಗುತ್ತಿರುವಾಗ, ಬಿಸಿ ಎಣ್ಣೆ ಸಿಡಿಯದಂತೆ ಎಚ್ಚರದಿಂದ, ಎಣ್ಣೆ ಹುಯ್ಯುವ ಬಾಯಿಯ ಬಿರಡೆಯನ್ನು ತೆಗೆದು ಕಾಗದದ ಚೂರನ್ನಿಟ್ಟೆವು. ಕೊಳವೆ ಶುದ್ಧವಾಗಿದ್ದರೆ ಕಾಗದವು ಮೆಲ್ಲನೆ ಬಾಯಿಗೆ ಅಂಟಿಕೊಳ್ಳುವುದು. ನಮ್ಮದು ಹಾರಿತು. ಕೊಳವೆಯನ್ನು ಬಿಚ್ಚಿದರೆ ಒಳಗೆ ಕರಿಯ ಜಿಡ್ಡು ಕಡ್ಡಿಗೂ ಎಡೆಯಿಲ್ಲದಂತೆ ತುಂಬಿತ್ತು.

ಕೊಳವೆಯನ್ನು ತೊಳೆದು, ಕವಾಟವನ್ನು ಬದಲಿಸಿ, ಮೂರನೆಯ ಗ್ಯಾಸ್ಕೆಟ್ಟನ್ನು ಕೂರಿಸಿದ ಮೇಲೆ ಮತ್ತೆ ಪುಡಿಯನ್ನುದುರಿಸಿ, ಇಟಗಿಯ ಮಹಾದೇವ ದೇವಾಲಯದಲ್ಲಿ 1112ರ ಶಾಸನವನ್ನು ನೋಡಿಕೊಂಡು ಬಂದೆನು. ಮುಚ್ಚಳದ ಅಂಚಿನಲ್ಲಿ ಪುಡಿಯು ಬೆಳ್ಳಗೇ ಇತ್ತು.