ರೆಸ್ಯೂಮ್‌ನ ‘ಸಾಧನೆ’ ಕಾಲಂ ಖಾಲಿ ಬಿಡ್ತೀರಾ? ಪುಣೆಯಲ್ಲಿ ಕೆಲಸ ಹುಡುಕುವ ಕನ್ನಡಿಗರಿಗೆ ಇಲ್ಲಿದೆ ಸರಳ ದಾರಿ

ಪುಣೆ: ಹಿಂಜವಡಿಯ ಐಟಿ ಪಾರ್ಕ್, ಖರಾಡಿಯ ಕಚೇರಿಗಳು, ಪಿಂಪ್ರಿ-ಚಿಂಚವಡ ಮತ್ತು ಚಾಕಣ್‌ನ ವಾಹನ ಕಾರ್ಖಾನೆಗಳು. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಅನೇಕ ಯುವಜನರ ಮೊದಲ ಕೆಲಸ ಶುರುವಾಗುವುದು ಇಲ್ಲಿಯೇ. ಎರಡು-ಮೂರು ವರ್ಷ ದುಡಿದು ಬೇರೆ ಕಂಪನಿಗೆ ಅರ್ಜಿ ಹಾಕಲು ಕುಳಿತಾಗ ಮಾತ್ರ ‘ಸಾಧನೆಗಳು’ ಎಂಬ ಕಾಲಂ ಬಳಿ ಕೈ ನಿಂತುಬಿಡುತ್ತದೆ. ‘ಕೊಟ್ಟ ಕೆಲಸ ಮಾಡಿದ್ದೇನೆ, ಅದರಲ್ಲಿ ಸಾಧನೆ ಏನು ಬಂತು?’ ಎಂಬ ಸಂಕೋಚವೇ ಇದಕ್ಕೆ ಕಾರಣ. ಎಲೆಮರೆಯ ಕಾಯಿಯಂತೆ ದುಡಿದವರು ಸಂದರ್ಶನದ ಪಟ್ಟಿಯಿಂದ ಹೊರಗುಳಿಯುವುದೂ ಹೀಗೆಯೇ.

ಕೆಲಸ ಬೇರೆ, ಸಾಧನೆ ಬೇರೆ

ಕಂಪನಿ ನಿಮಗೆ ವಹಿಸಿದ್ದು ಕೆಲಸ. ನೀವು ಇದ್ದುದರಿಂದ ಆದ ಬದಲಾವಣೆ ಸಾಧನೆ. ಚಾಕಣ್‌ನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಡಿಪ್ಲೊಮಾ ಹುಡುಗನನ್ನು ಊಹಿಸಿಕೊಳ್ಳಿ. ‘ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದೆ’ ಎಂದು ಅದೇ ಹುದ್ದೆಯ ಎಲ್ಲರೂ ಬರೆಯುತ್ತಾರೆ. ಅದನ್ನೇ ಹೀಗೆ ಬರೆದರೆ? ‘ಎರಡನೇ ಶಿಫ್ಟ್‌ನಲ್ಲಿ ಒಂದೇ ದೋಷ ಮರುಕಳಿಸುತ್ತಿದ್ದುದನ್ನು ಗುರುತಿಸಿ, ಸವೆದ ಗೇಜ್ ಬದಲಿಸಲು ಸೂಚಿಸಿದೆ. ತಿಂಗಳಿಗೆ 40 ಇದ್ದ ರಿಜೆಕ್ಷನ್ 12ಕ್ಕೆ ಇಳಿಯಿತು.’ ಸಮಸ್ಯೆ ಏನಿತ್ತು, ನೀವು ಏನು ಮಾಡಿದಿರಿ, ಫಲ ಏನಾಯಿತು ಎಂಬ ಮೂರೂ ಇದರಲ್ಲಿವೆ.

ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ

* ನೀವು ಸೇರುವಾಗ ಆ ಕೆಲಸ ಹೇಗೆ ನಡೆಯುತ್ತಿತ್ತು, ಈಗ ಹೇಗೆ ನಡೆಯುತ್ತಿದೆ?
* ನೀವು ರಜೆ ಹಾಕಿದ ದಿನ ಯಾವ ವಿಷಯಕ್ಕೆ ಫೋನ್ ಬರುತ್ತದೆ?
* ಹೊಸಬರಿಗೆ ಕಲಿಸಲು ನಿಮ್ಮನ್ನು ಕರೆದಿದ್ದಾರಾ? ಎಷ್ಟು ಜನರಿಗೆ ಕಲಿಸಿದ್ದೀರಿ?
* ನಿಮ್ಮಿಂದ ಸಮಯ, ಖರ್ಚು, ತಪ್ಪು ಅಥವಾ ದೂರು ಕಡಿಮೆಯಾಗಿದೆಯೇ?

ನೆನಪಾಗದಿದ್ದರೆ ಹಳೆಯ ಅಪ್ರೈಸಲ್ ಫಾರ್ಮ್, ಮ್ಯಾನೇಜರ್ ಕಳಿಸಿದ ಮೆಚ್ಚುಗೆಯ ಮೇಲ್, ನೀವು ಕೊಟ್ಟ ಕೈಜೆನ್ ಸಲಹೆಗಳನ್ನು ಒಮ್ಮೆ ನೋಡಿ. ಆದರೆ ಕಂಪನಿಯ ಗೋಪ್ಯ ಕಡತಗಳನ್ನು ಸ್ವಂತ ಫೋನ್‌ಗೆ ಹಾಕಿಕೊಳ್ಳಬೇಡಿ.

ಸಂಖ್ಯೆ ಸಿಗದಿದ್ದರೆ?

ಅಕೌಂಟ್ಸ್, ರಿಸೆಪ್ಷನ್, ಆಸ್ಪತ್ರೆಯ ಕೆಲಸಗಳಲ್ಲಿ ಲಾಭದ ಲೆಕ್ಕ ಸಿಗುವುದಿಲ್ಲ. ಆಗ ಕೆಲಸದ ಗಾತ್ರವನ್ನೇ ಹೇಳಿ. ದಿನಕ್ಕೆ ಎಷ್ಟು ಬಿಲ್, ಎಷ್ಟು ಜನರ ಪಾಳಿ, ಎಷ್ಟು ತಿಂಗಳು ತಡವಿಲ್ಲದೆ ಸಂಬಳದ ಪಟ್ಟಿ ಸಿದ್ಧವಾಯಿತು ಎಂಬುದೂ ಸಾಧನೆಯೇ. ಕರ್ನಾಟಕದಿಂದ ಬಂದ ಅಪ್ರೆಂಟಿಸ್‌ಗಳಿಗೆ ಸುರಕ್ಷತಾ ನಿಯಮಗಳನ್ನು ಕನ್ನಡದಲ್ಲಿ ವಿವರಿಸಿದ್ದರೆ ಅದನ್ನೂ ಬರೆಯಿರಿ.

ಪಿಂಪ್ರಿಯ ಹಳೆಯ ಪಾಠ

1974ರಲ್ಲಿ ಶಿಗ್ಗಾಂವಿ ಮೂಲದ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿ, ಟೆಲ್ಕೊ ಜಾಹೀರಾತಿನಲ್ಲಿ ‘ಮಹಿಳೆಯರು ಅರ್ಜಿ ಹಾಕುವ ಅಗತ್ಯವಿಲ್ಲ’ ಎಂದಿದ್ದನ್ನು ಪ್ರಶ್ನಿಸಿ ಜೆಆರ್‌ಡಿ ಟಾಟಾ ಅವರಿಗೆ ಅಂಚೆ ಕಾರ್ಡ್ ಬರೆದ ಕಥೆ ಬಹುತೇಕರಿಗೆ ಗೊತ್ತು. ಸಂದರ್ಶನ ನಡೆದದ್ದು ಇದೇ ಪುಣೆಯ ಪಿಂಪ್ರಿಯಲ್ಲಿ. ಕಾರ್ಡ್ ಬಾಗಿಲು ತೆರೆಯಿತು, ಆದರೆ ಒಳಗೆ ಅವರು ಎದುರಿಸಬೇಕಾಗಿದ್ದು ತಾಂತ್ರಿಕ ಪ್ರಶ್ನೆಗಳನ್ನು. ರೆಸ್ಯೂಮ್ ಕೂಡ ಅಷ್ಟೇ. ಅದರ ಪ್ರತಿ ಸಾಲಿಗೂ ‘ಹೇಗೆ ಮಾಡಿದಿರಿ?’ ಎಂಬ ಪ್ರಶ್ನೆ ಬರುತ್ತದೆ.

ಹೀಗಾಗಿ ಉತ್ಪ್ರೇಕ್ಷೆ ಬೇಡ. ತಂಡದ ಕೆಲಸವಾಗಿದ್ದರೆ ‘ಐದು ಜನರ ತಂಡದಲ್ಲಿ ನನ್ನ ಪಾಲು ಇದು’ ಎಂದು ಸ್ಪಷ್ಟಪಡಿಸಿ. ನಿಖರ ಅಂಕಿ ಗೊತ್ತಿಲ್ಲದಿದ್ದರೆ ‘ಸುಮಾರು’ ಎಂದು ಬರೆಯಿರಿ. ಕೆಲಸಕ್ಕೆ ಸೇರಿದ, ಬಿಟ್ಟ ದಿನಾಂಕಗಳು ಪಿಎಫ್ ಖಾತೆಯ ಸೇವಾ ವಿವರದಲ್ಲೇ ಇರುತ್ತವೆ. ಹಿನ್ನೆಲೆ ಪರಿಶೀಲನೆಯಲ್ಲಿ ಸುಳ್ಳು ಬಯಲಾದರೆ ಕೈಗೆ ಬಂದ ಆಫರ್ ಲೆಟರ್ ಕೂಡ ಹೋಗಬಹುದು.

ಕೊನೆಯದಾಗಿ, ಕೆಲಸ ಬಿಡುವ ಹೊತ್ತಿಗೆ ಎಲ್ಲವನ್ನೂ ನೆನಪಿಸಿಕೊಳ್ಳುವುದು ಕಷ್ಟ. ಪ್ರತಿ ತಿಂಗಳ ಸಂಬಳದ ದಿನ ಹತ್ತು ನಿಮಿಷ ಕುಳಿತು, ಆ ತಿಂಗಳು ನಿಮ್ಮಿಂದ ಸರಿಹೋದ ಒಂದು ವಿಷಯವನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ವರ್ಷಕ್ಕೆ ಹನ್ನೆರಡು ಸಾಲು. ಅವುಗಳಲ್ಲಿ ಗಟ್ಟಿಯಾದ ನಾಲ್ಕು ಸಾಲು ಸಿಕ್ಕರೂ ಮುಂದಿನ ಅರ್ಜಿಗೆ ಸಾಕು.