ಹಿತ್ತಾಳೆಗೆ ಹಿಡಿದ ಕಿಲುಬು

ಹಿತ್ತಾಳೆ ಎಂದೊಡನೆ ನಮ್ಮ ಸಂಘದ ಮನೆಗಳವರಿಗೆ ನೆನಪಾಗುವುದು ಊರಿನಿಂದ ಬಟ್ಟೆಯ ನಡುವೆ ಸುತ್ತಿ ತಂದ ದೀಪದ ಕಂಬ, ತಂಬಿಗೆ, ಪೂಜೆಯ ಗಂಟೆ. ಇಲ್ಲಿ ಅಮೆರಿಕದ ನಮ್ಮ ಬೇಸ್‌ಮೆಂಟಿನಲ್ಲಿ ಇನ್ನೊಂದು ಬಗೆಯ ಹಿತ್ತಾಳೆಯೂ ಇದೆ. ಜಿಂಕೆ ಬೇಟೆಯ ಹವ್ಯಾಸ ನಮಗೂ ಅಂಟಿದೆ. ಹೊಡೆದ ತೋಟಾಗಳ ಖಾಲಿ ಕೇಸುಗಳನ್ನು ಕೂಡಿಟ್ಟು, ಹೊಸ ಪ್ರೈಮರ್, ಮದ್ದು, ಗುಂಡು ತುಂಬಿ ಮತ್ತೆ ಬಳಸುತ್ತೇವೆ. ಇದೇ ರೀಲೋಡಿಂಗ್.

ಕಳೆದ ಶರತ್ಕಾಲದಲ್ಲಿ, ಮಗನನ್ನು ಮೊದಲ ಬಾರಿ ರೇಂಜಿಗೆ ಕರೆದೊಯ್ಯುವ ಮುನ್ನ, ಎರಡು ವರ್ಷ ಮುಟ್ಟದ ಡಬ್ಬಿಯೊಂದನ್ನು ತೆರೆದೆವು. ಕೆಲವು ಕೇಸುಗಳು ಕಂದಾಗಿದ್ದವು, ಕೆಲವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಆರೇಳು ಕೇಸುಗಳ ಕತ್ತಿನಲ್ಲಿ ಕೂದಲೆಳೆಯಂಥ ಬಿರುಕು! ಇಡುವಾಗ ಒಂದೊಂದನ್ನೂ ನೋಡಿಯೇ ಇಟ್ಟಿದ್ದೆವು, ಇಟ್ಟಲ್ಲೇ ಸೀಳಿದ್ದವು. ಸುತ್ತ ನೋಡಿದರೆ, ಡಬ್ಬಿಯ ಪಕ್ಕದಲ್ಲೇ ನಮ್ಮ ಬೆಕ್ಕಿನ ಮರಳಿನ ತಟ್ಟೆ.

ಈ ಕಥೆ ಹೊಸದಲ್ಲ, ಅದರ ಬೇರು ಇರುವುದು ನಮ್ಮ ದೇಶದಲ್ಲೇ. ಬ್ರಿಟಿಷರ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತೆಂದೂ, ಮಳೆ ಮುಗಿದು ತೆಗೆದಾಗ ಕೇಸುಗಳು ಬಿರುಕು ಬಿಟ್ಟಿರುತ್ತಿದ್ದವೆಂದೂ ಲೋಹಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಅದಕ್ಕೇ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು. 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಮೂವರು ಇದರ ಗುಟ್ಟನ್ನು ಬಿಡಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ಗಾಳಿಯ ತೇವ, ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿದರೆ ಹಿತ್ತಾಳೆ ಸೀಳುತ್ತದೆ. ಕೇಸಿನ ಹಿತ್ತಾಳೆಯಲ್ಲಿ ತಾಮ್ರ 70 ಭಾಗ, ಸತು 30 ಭಾಗ. ಅದನ್ನು ಎಳೆದು ಒತ್ತಿ ರೂಪಿಸುವುದರಿಂದ ಬಿಗಿತ ಉಳಿಯುತ್ತದೆ. ಹದವಾಗಿ ಕಾಯಿಸಿದರೆ ಅದು ಸಡಿಲವಾಗುತ್ತದೆ. ಸೈನ್ಯದ ತೋಟಾಗಳ ಕತ್ತಿನಲ್ಲಿ ಕಾಣುವ ನೀಲಿ ಮಿಶ್ರಿತ ಬಣ್ಣ ಹಾಗೆ ಕಾಯಿಸಿದ್ದರ ಗುರುತು. ತುಂಬಿದ ತೋಟಾವನ್ನು ಮಾತ್ರ ಯಾರೂ ಎಂದೂ ಕಾಯಿಸಬಾರದು.

ಕೇಸಿನ ಬಣ್ಣವನ್ನು ಓದಲು ಕಲಿಯಬೇಕು. ಕಂದು ಬಣ್ಣ ಬರೀ ಮೇಲಿನ ಪೊರೆ, ಭಯವಿಲ್ಲ. ಹಸಿರು ಕಿಲುಬನ್ನು ಒರೆಸಿ ನೋಡಬೇಕು. ಅಡಿಯಲ್ಲಿ ಗುಳಿ ಬಿದ್ದಿದ್ದರೆ ಕೇಸು ಕಸಕ್ಕೆ. ಉಜ್ಜಿದರೂ ಹೋಗದ ನಸುಗೆಂಪು ಮಚ್ಚೆಯಾದರೆ ಸತು ಕರಗಿ ಹೋಗಿ ಬಲವಿಲ್ಲದ ತಾಮ್ರ ಉಳಿದಿದೆ ಎಂದು ಅರ್ಥ, ಅದೂ ಕಸಕ್ಕೆ. ಬಿರುಕಿದ್ದರಂತೂ ಕೇಳುವುದೇ ಬೇಡ. ಕಾರಿನ ಟೈರಿನಲ್ಲಿ ಚದರ ಇಂಚಿಗೆ ಮೂವತ್ತು ಚಿಲ್ಲರೆ ಪೌಂಡು ಒತ್ತಡವಿದ್ದರೆ, .30-06 ತೋಟಾದಲ್ಲಿ ಅದು 60,000 ಪೌಂಡಿನವರೆಗೆ ಏರಬಲ್ಲದು. ಕೇಸು ಒಡೆದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಅಲ್ಲಿರುವುದು ಹೊಡೆಯುವವರ ಮುಖ. ಮಗನ ಮುಖ ನೆನೆದು ಇಡೀ ಡಬ್ಬಿಯನ್ನೇ ಇಕ್ಕಳದಿಂದ ಜಜ್ಜಿ ಬಿಸಾಡಿದೆವು. ಉಳಿತಾಯ ಹೋದದ್ದಕ್ಕೆ ವ್ಯಥೆಯಾಗಲಿಲ್ಲ.

ಈಗ ಕೇಸುಗಳನ್ನು ತೊಳೆದು, ಪೂರ್ತಿ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮಹಡಿಯ ಮೇಲಿಡುತ್ತೇವೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ಇಡುವುದಿಲ್ಲ. ಚರ್ಮ ಹದಮಾಡಿದ ಆಮ್ಲವೂ ಕಿಲುಬು ತರುತ್ತದೆ. ಅಮೋನಿಯಾ ಬೆರೆತ ಪಾಲಿಷ್ ಹತ್ತಿರವೂ ಸುಳಿಯದು. ಹೊಡೆದ ಕೇಸಿನ ಮಸಿಯಲ್ಲಿ ಸೀಸವಿರುವುದರಿಂದ ಅಡುಗೆಮನೆಯ ಪಾತ್ರೆ, ಸಿಂಕ್ ಬಳಸುವುದಿಲ್ಲ. ಮುಟ್ಟಿದ ಮೇಲೆ ಕೈ ತೊಳೆಯುತ್ತೇವೆ.

ಕೋವಿ ಮುಟ್ಟದ ಮನೆಗಳಿಗೂ ಇದರಲ್ಲಿ ಒಂದು ಮಾತಿದೆ. ಅಂಗಡಿಯ ಪಾಲಿಷ್ ಬಾಟಲಿಯ ಮೇಲೆ ಅಮೋನಿಯಾ ಎಂದಿದ್ದರೆ ಅಜ್ಜಿಯ ತಂಬಿಗೆಗೆ ಅದನ್ನು ಹಚ್ಚಬೇಡಿ. ಹಳೆಯ ಹುಣಸೆಹಣ್ಣು, ಉಪ್ಪೇ ಸಾಕು. ಆದರೆ ಹುಳಿಯನ್ನೂ ಹೆಚ್ಚು ಹೊತ್ತು ಬಿಡದೆ, ತೊಳೆದು ಒಣಬಟ್ಟೆಯಲ್ಲಿ ಒರೆಸಬೇಕು. ಕಲಾಯಿ ಹೋದ ಪಾತ್ರೆಯಲ್ಲಿ ಸಾರು, ಮಜ್ಜಿಗೆ ಬೇಡ. ಕಿಲುಬು ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ದೀಪಾವಳಿಗೆ ದೀಪಗಳನ್ನು ಹೊರತೆಗೆಯುವ ದಿನ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ನಾವೂ ಅದೇ ದಿನ ನಮ್ಮ ಡಬ್ಬಿಗಳನ್ನು ತೆರೆದು ನೋಡಬೇಕೆಂದು ಗೊತ್ತುಮಾಡಿಕೊಂಡಿದ್ದೇವೆ.